ಎಡ ಹೆಗಲಿನ ಕೋಟು

ಊರಿನ ಹಳೆಯ ಕಡಲಯಾನಿಯೊಬ್ಬನ ಹೆಸರಿನ ಮ್ಯೂಸಿಯಮ್ಮಿನ ಸುದ್ದಿ ಅವಳ ಕಿವಿಗೆ ಮೊದಲು ಬಿದ್ದದ್ದು ದೊಡ್ಡಪ್ಪ ಗಂಡಿನ ವಿಷಯ ತಂದ ದಿನ. ಅವಳು ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಕಿವಿ ಮಾತ್ರ ಹೊರಕೋಣೆಯಲ್ಲಿತ್ತು.

"ಹಡಗಿನವನಿಗೆ ಕೊಟ್ಟರೆ ಮಗಳು ವರ್ಷಗಟ್ಟಲೆ ಬಾಗಿಲು ನೋಡ್ತಾ ಕೂರಬೇಕು," ಎಂದಳು ಅಮ್ಮ.

"ಹಡಗು ಹತ್ತಿದವನು ಸತ್ತು ಇನ್ನೂರು ವರ್ಷ ಆಯ್ತು ಕಣಮ್ಮ. ಈ ಹುಡುಗ ಅವನ ಕೋಟು ಕಾಯೋನು. ಐದಕ್ಕೆ ಬೀಗ, ಐದೂಕಾಲಿಗೆ ಮನೆ."

ಆ ಐದೂಕಾಲು ಅವಳಿಗೆ ಹಿಡಿಸಿತು.

ಮದುವೆಯಾದ ಮೇಲೆ ತಿಳಿಯಿತು, ಗಂಡನ ಮನಸ್ಸು ಮಾತ್ರ ಐದೂಕಾಲಿಗೆ ಮನೆ ಸೇರುವುದಿಲ್ಲವೆಂದು. ಹದಿನೆಂಟರಲ್ಲಿ ಅವನು ಹಡಗಿನ ಕೆಲಸ ಕೇಳಿಕೊಂಡು ಹೋಗಿದ್ದನಂತೆ. ಚಿಕ್ಕಂದಿನಲ್ಲಿ ಬಿದ್ದು ಮುರಿದ ಎಡ ಹೆಗಲು ಒಂದು ಬೆರಳಷ್ಟು ಕೆಳಗೆ ಕೂಡಿಕೊಂಡಿತ್ತು. ಹಗ್ಗ ಎಳೆಯಲು ಈ ಹೆಗಲು ಆಗದು ಎಂದು ಡಾಕ್ಟರು ವಾಪಸು ಕಳಿಸಿದರು. ಆಮೇಲೆ ಸಿಕ್ಕಿದ್ದು ಈ ಕಾವಲು. ನೋಡಲು ಬಂದವರಿಗೆ ಗಾಳಿ, ಅಲೆ, ದ್ವೀಪಗಳನ್ನು ತಾನೇ ಕಂಡುಬಂದವನ ಹಾಗೆ ಹೇಳುತ್ತಿದ್ದ. ಬೀದಿಯವರು ಕಪ್ತಾನ ಎಂದೇ ಕರೆದರು.

"ಏನ್ ಕಪ್ತಾನ್ರೇ, ಇವತ್ತು ಯಾವ ದ್ವೀಪ?" ಎಂದು ಹಾಲಿನವನು ಕೆಣಕಿದರೆ, "ಗಾಳಿ ಇಲ್ಲಪ್ಪ, ನಿನ್ನ ಅಂಗಡಿ ಮುಂದೇನೇ ಲಂಗರು," ಎನ್ನುತ್ತಿದ್ದ. ಮನೆಗೆ ಬಂದು ಕಿಟಕಿಯಲ್ಲಿ ಸುಮ್ಮನೆ ನಿಲ್ಲುತ್ತಿದ್ದ. ಪಕ್ಕದಲ್ಲೇ ಇದ್ದವನಿಗಾಗಿ ಅವಳು ಹಂಬಲಿಸಿದ್ದು ಆಗಲೇ.

ಒಂದು ವರ್ಷ ಮ್ಯೂಸಿಯಮ್ಮಿನಲ್ಲಿದ್ದ ಕಡಲಯಾನಿಯ ಕೋಟಿಗೆ ನುಸಿ ಹಿಡಿಯಿತು. ಅದರ ಅಳತೆಗೇ ಇನ್ನೊಂದು ಹೊಲಿಯಲು ಅಲ್ಲಿನ ಅಧಿಕಾರಿ ಅವಳಿಗೆ ಹೇಳಿದರು. ಉದ್ದ, ತೋಳು, ಸೊಂಟ ಅಳತೆಗೆ ಸಿಕ್ಕವು. ಹೆಗಲಿದ್ದ ಕಡೆ ಬರೀ ತೂತು. ಹನ್ನೊಂದು ವರ್ಷ ಒಬ್ಬನೇ ಗಂಡಸಿಗೆ ಅಂಗಿ ಹೊಲಿದ ಕೈ ಅವಳದು. ಕತ್ತರಿ ತನ್ನ ಪಾಡಿಗೆ ಎಡಗಡೆ ಒಂದು ಬೆರಳು ಇಳಿಸಿತು. ಅವಳಿಗೆ ಗೊತ್ತೇ ಆಗಲಿಲ್ಲ.

ಕೋಟನ್ನು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ ದಿನ ಅವನು ಮನೆಗೆ ಬಂದವನೇ ಅವಳ ಹೊಲಿಗೆ ಯಂತ್ರದ ಪಕ್ಕ ನಿಂತ.

"ಏನೇ, ಅವನಿಗೂ ನನ್ನ ಹೆಗಲೇ ಕೊಟ್ಟುಬಿಟ್ಯಲ್ಲ."

"ತನ್ನಿ, ಬಿಚ್ಚಿ ಹೊಲೀತೀನಿ."

"ಸುಮ್ನಿರು. ಈ ಹೆಗಲೂ ಕಡಲು ಸುತ್ತಿದೆ ಅಂತ ನಾಲ್ಕು ಜನ ನೋಡ್ಲಿ."

ಆ ಪೆಟ್ಟಿಗೆಯ ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಒಮ್ಮೆ ಹಾಕಿಕೊಂಡು ನೋಡಬಾರದೇ ಎಂದು ಅವಳೇ ಕೇಳಿದ್ದಳು. "ಕಾಯೋಕೆ ಇಟ್ಟಿದಾರೆ ಕಣೆ, ತೊಡೋಕಲ್ಲ," ಎಂದು ಬಾಯಿ ಮುಚ್ಚಿಸಿದ. ನಿವೃತ್ತಿಯಾಗುವವರೆಗೂ ಗಾಜು ಒರೆಸಿದನೇ ಹೊರತು ಬಟ್ಟೆ ಮುಟ್ಟಲಿಲ್ಲ.

ಅವನು ಉಬ್ಬಸದಿಂದ ಹಾಸಿಗೆ ಹಿಡಿದ ಮೇಲೆ ಮ್ಯೂಸಿಯಮ್ಮಿಗೆ ಹೊಸ ಅಧಿಕಾರಿ ಬಂದರು. ಚೌಕದಲ್ಲಿರುವ ಕಡಲಯಾನಿಯ ಕಲ್ಲಿನ ಪ್ರತಿಮೆಗೆ ಹೆಗಲು ಸಮನಾಗಿದೆ, ಕೋಟಿಗೆ ಮಾತ್ರ ಏಕೆ ವಾಲಿದೆ ಎಂದು ಕೇಳಿ, ಸರಿಮಾಡಿಕೊಡಿ ಎಂದು ಕೋಟನ್ನು ಮನೆಗೇ ಕಳಿಸಿದರು. ಅವಳು ಅದನ್ನು ಕುರ್ಚಿಯ ಬೆನ್ನಿಗೆ ತೊಡಿಸಿಟ್ಟಳು. ಹೊಲಿಗೆ ಬಿಚ್ಚಲು ಕೈ ಬರಲಿಲ್ಲ. ಅವನು ಎರಡು ದಿನ ಮಲಗಿದಲ್ಲಿಂದಲೇ ನೋಡಿದ.

"ನನ್ನ ಕೈಲಾಗಲ್ಲ ಅಂತ ವಾಪಸ್ ಕಳಿಸ್ಬಿಡ್ತೀನಿ ರೀ," ಎಂದಳು.

"ಬೇಡ. ಅವನ ಹೆಗಲು ಅವನಿಗೆ ಕೊಡು. ಎಷ್ಟು ದಿನ ಅಂತ ಇಟ್ಕೊಳ್ಳೋದು."

ಅವಳು ಬ್ಲೇಡು ತೆಗೆದುಕೊಂಡು ಕೂತಳು. ಅವನು ಕೈ ಎತ್ತಿ ತಡೆದ. ಅವಳನ್ನು ಅವನು ಕೊನೆಯದಾಗಿ ಕೇಳಿದ್ದು ಇಷ್ಟು:

"ಬಿಚ್ಚೋಕೆ ಮುಂಚೆ ಒಂದ್ಸಲ ನನಗೆ ತೊಡಿಸ್ತೀಯಾ? ಗುಂಡಿ ಹಾಕಬೇಡ, ಉಸಿರು ಕಟ್ಟುತ್ತೆ."