ಪಾತ್ರದ ಕುರ್ಚಿ

ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಆ ಹಳೆಯ ಕಾದಂಬರಿಯ ಪ್ರತಿ ಇರುವುದು ಒಂದೇ. ಅದರ ಅಂಚನ್ನೆಲ್ಲ ಹುಳ ತಿಂದು ತೇಗಿದೆ. ನಂದಗುಡಿ ಕಡೆಯ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ನಾನು ಕನ್ನಡ ಉಪನ್ಯಾಸಕಿ. ಪಠ್ಯದಲ್ಲಿ ಇಲ್ಲದಿದ್ದರೂ ದ್ವಿತೀಯ ಪಿಯು ಮಕ್ಕಳಿಗೆ ಶನಿವಾರಗಳಲ್ಲಿ ಅದನ್ನು ಓದಿಸುತ್ತೇನೆ. ಪರೀಕ್ಷೆಗೆ ಬಾರದ್ದನ್ನು ಯಾಕೆ ಓದಿಸುತ್ತೀರಿ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪರೀಕ್ಷೆಗೆ ಬರುವುದನ್ನು ಗೈಡು ಓದಿಸುತ್ತದೆ, ಅದಕ್ಕೆ ನಾನೇಕೆ ಎಂದು ನಾನು ಕೇಳುತ್ತೇನೆ. ನನ್ನ ನಾಲಿಗೆ ಸ್ವಲ್ಪ ಚೂಪು.

ಕಾದಂಬರಿ ಒಂದು ಒಕ್ಕಲು ಮನೆತನದ ಮೂರು ತಲೆಮಾರಿನ ಕತೆ. ಯಾರಿಗೆ ಯಾರು ಏನಾಗಬೇಕು ಎಂಬುದೇ ಮಕ್ಕಳಿಗೆ ಗೋಜಲಾಗುತ್ತದೆ. ಅದಕ್ಕೆ ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ವಂಶವೃಕ್ಷ ಬರೆಸಿದೆ. ಅಧ್ಯಾಯಗಳನ್ನು ಜೆರಾಕ್ಸ್ ಮಾಡಿಸಿ ಹಂಚಿದೆ. ಆ ಮನೆಯ ಹೊಲ, ಬಾವಿ, ಹುಣಸೆಮರಗಳನ್ನು ಕಾಲೇಜಿನ ಅಂಗಳದಲ್ಲಿ ಸೀಮೆಸುಣ್ಣದಿಂದ ಬರೆಸಿ, ಯಾವುದು ಎಲ್ಲಿ ನಡೆಯಿತು ಎಂದು ನಡೆದು ತೋರಿಸಿ ಎಂದೆ. ಒಬ್ಬ ಹುಡುಗ ಬದುವಿನ ಗೆರೆಯ ಮೇಲೆ ನಿಂತು, “ಮೇಡಂ, ಈ ಜಮೀನು ರೋಡ್ ಟಚ್ಚಾ?” ಎಂದು ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಯಾವುದೋ ಯೋಜನೆ ಬರುತ್ತದಂತೆ ಎಂಬ ಸುದ್ದಿ ಹಬ್ಬಿದಾಗಿನಿಂದ ನಮ್ಮ ಕಡೆ ರಾಗಿ ಹೊಲ ನೋಡಲು ಬಂದವರು ಮೊದಲು ಕೇಳುವುದೇ ಅದನ್ನು.

ಇವೆಲ್ಲಕ್ಕಿಂತ ಮಕ್ಕಳಿಗೆ ಹಿಡಿಸಿದ್ದು ಪಾತ್ರದ ಕುರ್ಚಿ. ನನ್ನ ಕುರ್ಚಿಯನ್ನು ಎಲ್ಲರ ಮುಂದೆ ಹಾಕಿ, ಒಬ್ಬರು ಅದರಲ್ಲಿ ಪಾತ್ರವಾಗಿ ಕೂತು, ಉಳಿದವರ ಪ್ರಶ್ನೆಗಳಿಗೆ ಪಾತ್ರವಾಗಿಯೇ ಉತ್ತರ ಹೇಳಬೇಕು. ಆ ಶನಿವಾರ ತಂಗಿಯ ಸರದಿ. ಕಾದಂಬರಿಯಲ್ಲಿ ಅಣ್ಣ ಮದುವೆಯಾಗಿ ಹೋದ ತಂಗಿಗೆ ಗಾಡಿ ಕಟ್ಟಿಸಿ ಕಳಿಸಿ ಕರೆಸಿಕೊಳ್ಳುತ್ತಾನೆ. ಸೀರೆ, ಅರಿಶಿನ ಕುಂಕುಮ ಕೊಟ್ಟು, ಅಪ್ಪನ ಜಮೀನಿನಲ್ಲಿ ನನಗೆ ಪಾಲು ಬೇಡ ಎಂಬ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಎರಡೇ ಪುಟದ ಪ್ರಸಂಗ.

ತಂಗಿಯಾಗಿ ಕೂತವಳು ತರಗತಿಯಲ್ಲೇ ಚೆನ್ನಾಗಿ ಓದುವ ಹುಡುಗಿ. ಅವಳ ಊರಿಗೆ ಸರಿಯಾದ ಬಸ್ಸಿಲ್ಲದ ಕಾರಣ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಆ ಮಾವನ ಮಗನೂ ಅದೇ ತರಗತಿ. ಒಂದೇ ಮನೆಯವರು, ಮಾತು ಸರಾಗವಾಗಿ ಬಂದೀತು ಎಂದು ಅವನನ್ನೇ ಅಣ್ಣನ ಪಾತ್ರಕ್ಕೆ ಹಾಕಿದೆ. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು. “ಅವ್ರಿಬ್ರೂ ಅಣ್ಣ ತಂಗಿ ಆಗಂಗಿಲ್ಲ ಮೇಡಂ, ವರಸೆ ಬೇರೆ,” ಎಂದಳು ಒಬ್ಬಳು. ಮಾವನ ಮಗ ಎಂದರೆ ನಮ್ಮಲ್ಲಿ ಮದುವೆಯಾಗಬಹುದಾದ ವರಸೆ. ಹುಡುಗ ತಲೆ ತಗ್ಗಿಸಿದ. ಕಾದಂಬರಿಗೆ ನಿಮ್ಮ ವರಸೆಯೆಲ್ಲ ಗೊತ್ತಿಲ್ಲ, ಸುಮ್ಮನೆ ಕೂತುಕೊಳ್ಳಿ ಎಂದು ಗದರಿದೆ.

ಮೊದಲ ಪ್ರಶ್ನೆಗಳಿಗೆ ಅವಳು ಪುಸ್ತಕದಲ್ಲಿದ್ದಂತೆಯೇ ಉತ್ತರ ಕೊಟ್ಟಳು. ಯಾಕೆ ಹೆಬ್ಬೆಟ್ಟು ಒತ್ತಿದೆ? ಅಣ್ಣ ಹೇಳಿದ, ಒತ್ತಿದೆ. ಕೊನೆಗೆ ಅಣ್ಣನಾದವನು ಒಂದು ಪ್ರಶ್ನೆ ಕೇಳಬೇಕಿತ್ತು. ಹುಡುಗ ಎದ್ದು ನಿಂತ. ಮನೆಯಲ್ಲಿ ದೊಡ್ಡವರು ಆಡಿದ್ದನ್ನು ಒಪ್ಪಿಸುವ ಹಾಗಿತ್ತು ಅವನ ದನಿ.

“ನಿಂಗೆ ತವರು ಬೇಕಾ, ಜಮೀನು ಬೇಕಾ? ಒಂದು ಹೇಳು.”

ಆ ಮಾತು ಕಾದಂಬರಿಯಲ್ಲಿ ಇಲ್ಲ. ಅವಳು ಕುರ್ಚಿಯ ಕೈ ಹಿಡಿದುಕೊಂಡು ಅವನನ್ನೇ ನೋಡಿದಳು.

“ಎರಡೂ ನಂದೇ ಅಲ್ವೇನಣ್ಣಾ?”

ಅವಳು ಅಣ್ಣಾ ಎಂದಾಗ ಯಾರೂ ನಗಲಿಲ್ಲ. ನನಗಂತೂ ಹಿಗ್ಗೋ ಹಿಗ್ಗು, ಎಲ್ಲರಿಂದಲೂ ಚಪ್ಪಾಳೆ ತಟ್ಟಿಸಿದೆ. ಅವರ ಮನೆಯಲ್ಲಿ ಅಂಥದ್ದೇ ಒಂದು ಪತ್ರ ಸಿದ್ಧವಾಗುತ್ತಿದೆ, ಅದಕ್ಕೆ ಅವಳ ಅಮ್ಮ ರುಜು ಹಾಕಬೇಕಾಗಿದೆ ಎಂಬುದು ನನಗೆ ಗೊತ್ತಿರಲಿಲ್ಲ.

ಸೋಮವಾರ ಅವಳ ಮಾವ ಬಂದರು. ಕೂಗಾಡಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು, ಕೊಟ್ಟ ಟೀ ಕುಡಿದು, ಮಗನ ಹಾಜರಿ ವಿಚಾರಿಸಿದರು. ಆಮೇಲೆ ಲೋಟ ಕೆಳಗಿಟ್ಟು, “ಹೆಣ್ಮಕ್ಳ ಅರಿಶಿನ ಕುಂಕುಮಕ್ಕೆ ನಾವು ಯಾವತ್ತೂ ಕಮ್ಮಿ ಮಾಡಿಲ್ಲ ಮೇಡಂ. ನೀವು ಪಾಠ ಮಾಡಿ, ಸಾಕು,” ಎಂದರು. ಇದೂ ಪಾಠವೇ ಎಂದೆ. ಹಾಗಾದರೆ ಹುಡುಗಿ ಇನ್ನು ಅವಳ ಊರಿಂದಲೇ ಓಡಾಡಿಕೊಂಡು ಕಲಿಯಲಿ ಬಿಡಿ ಎಂದು ತಣ್ಣಗೆ ಹೇಳಿ ಎದ್ದರು. ಅಲ್ಲಿಂದ ಮೊದಲ ಬಸ್ಸು ಹಿಡಿದರೂ ಕಾಲೇಜು ತಲುಪುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಪರೀಕ್ಷೆ ಹತ್ತಿರವಿತ್ತು. ಮಾವನ ಮನೆ ತಪ್ಪಿದರೆ ಅವಳ ಓದು ಅಲ್ಲಿಗೆ ಮುಗಿಯಿತು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಎಲ್ಲರಿಗೂ ತಿರುಗಿ ಹೇಳುವ ನಾನು ಅವರನ್ನು ಗೇಟಿನ ತನಕ ಕಳಿಸಿ ಬಂದೆ.

ಅದೇ ವಾರ ಒಂದು ಮಧ್ಯಾಹ್ನ ಅವಳ ಅಮ್ಮ ಬಂದರು. ಹೊಸ ಸೀರೆ, ಹಣೆಯ ತುಂಬ ಕುಂಕುಮ, ಸೆರಗಿನಲ್ಲಿ ಮಡಿಲಕ್ಕಿಯ ಗಂಟು. ತವರಿನವರು ಹೆಣ್ಣುಮಗಳ ಮಡಿಲಿಗೆ ತುಂಬುವ ಅಕ್ಕಿ, ಬೆಲ್ಲ, ಕೊಬ್ಬರಿ ಅದರಲ್ಲಿತ್ತು. ಮನೆಯಲ್ಲಿ ಏನು ವಿಶೇಷ ಎಂದು ಕೇಳಿಬಿಟ್ಟೆ. ಹೊಸಕೋಟೆಯ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನೆಟ್ಟಗೆ ಬರುತ್ತಿದ್ದೇನೆ ಎಂದರು. ಶಿವರಾತ್ರಿ ಕಳೆಯಲಿ ಎಂದಿದ್ದ ಅಣ್ಣ ತರಗತಿಯ ಸುದ್ದಿ ಕಿವಿಗೆ ಬಿದ್ದ ಮೇಲೆ ಆತುರಪಟ್ಟನಂತೆ. ನನ್ನಿಂದ ಹೀಗಾಯಿತಲ್ಲ ಎಂದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಇವತ್ತಲ್ಲ ನಾಳೆ ರುಜು ಹಾಕಲೇಬೇಕಿತ್ತು, ಮಗಳ ಓದು ನಿಲ್ಲಬಾರದಲ್ಲ ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಮಗಳ ತರಗತಿ ಬಿಡುವ ತನಕ ವರಾಂಡದ ಬೆಂಚಿನಲ್ಲಿ ಇಬ್ಬರೂ ಕೂತೆವು. ಮಗಳು ಅವರಿಗೆ ಕಾದಂಬರಿಯ ಕತೆ ಹೇಳಿದ್ದಳಂತೆ.

“ಹೆಬ್ಬೆಟ್ಟು ಒತ್ತಾದ್ಮೇಲೆ ಆಯಮ್ಮ ತವರಿಗೆ ಬರ್ತಾಳಾ ಮೇಡಂ?”

ಎಷ್ಟೋ ವರ್ಷಗಳಿಂದ ಓದಿಸುತ್ತಿರುವ ಪುಸ್ತಕ. ಅಣ್ಣನ ಮಗನ ಮದುವೆಯ ಅಧ್ಯಾಯವನ್ನು ನೆನಪು ಮಾಡಿಕೊಂಡೆ. ಸೋದರತ್ತೆ ಬಾರದೆ ನಮ್ಮ ಕಡೆ ಶಾಸ್ತ್ರ ಶುರುವಾಗುವುದಿಲ್ಲ. ಆ ಅಧ್ಯಾಯದಲ್ಲಿ ವಾಲಗದವರ ವರ್ಣನೆಯೇ ಅರ್ಧ ಪುಟವಿದೆ, ತಂಗಿ ಇಲ್ಲ. ಅಣ್ಣ ಸಾಯುವ ಅಧ್ಯಾಯದಲ್ಲೂ ಇಲ್ಲ. ವಂಶವೃಕ್ಷದಲ್ಲಿ ಅವಳ ಹೆಸರಿನ ಕೆಳಗೆ ಮಕ್ಕಳು ಏನೂ ಬರೆಯದೆ ಬಿಟ್ಟಿದ್ದರು. ಅದಕ್ಕೆ ನಾನು ಕೆಂಪು ಶಾಯಿಯಲ್ಲಿ ‘ಅಪೂರ್ಣ’ ಎಂದು ಬರೆದಿದ್ದೆ. ಬರೆಯಲು ಪುಸ್ತಕದಲ್ಲಿ ಏನೂ ಇರಲೇ ಇಲ್ಲ.

ಸುಳ್ಳು ಹೇಳಬಹುದಿತ್ತು, ಮನಸ್ಸಾಗಲಿಲ್ಲ. ಆಮೇಲೆ ಅವಳ ಸುದ್ದಿ ಬರುವುದಿಲ್ಲ ಎಂದೆ. ಅಣ್ಣ ಸತ್ತಾಗಲೂ ಇಲ್ಲವೇ ಎಂದು ಕೇಳಿದರು. ಇಲ್ಲ ಎಂದೆ.

ಸೆರಗಿನ ಗಂಟು ಸಡಿಲವಾಗಿತ್ತು. ಅದನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡರು. ಮಗಳ ಪರೀಕ್ಷೆ ಯಾವಾಗ ಮುಗಿಯುತ್ತದೆ ಎಂದು ಕೇಳಿದರು. ಮಾರ್ಚಿನಲ್ಲಿ ಎಂದೆ.

“ಅಲ್ಲೀಗಂಟ ತವರಿಗೆ ಬರ್ತಿರ್ತೀನಿ,” ಎಂದರು, “ಮಗಳನ್ನ ನೋಡೋ ನೆಪ ಐತಲ್ಲ.”