ಖಾಲಿ ಗೂಡಿನ ಕೋಳಿ ಅಕ್ಕ

ಹಿತ್ತಲಲ್ಲಿ ಸಾಕಿದ ಹೇಂಟೆಗೆ ಕಾಯಿಲೆ ಬಂದರೆ ಲೆಕ್ಕ ಯಾವತ್ತೂ ತಾಳೆಯಾಗುವುದಿಲ್ಲ. ಪಶುವೈದ್ಯರ ಬಳಿಗೆ ಹೋಗಿಬರುವ ಆಟೋ ಬಾಡಿಗೆಯಲ್ಲೇ ಕೋಳಿಯ ಬೆಲೆ ಮುಗಿಯುತ್ತದೆ. ಔಷಧಿ, ತಪ್ಪಿದ ಅರ್ಧ ದಿನದ ಕೂಲಿ ಬೇರೆ. ಅಷ್ಟಕ್ಕೆ ಇನ್ನೊಂದು ಕೋಳಿಯೇ ಬರುತ್ತಲ್ಲ ಎನ್ನುತ್ತಾರೆ ಜನ. ಆದರೆ ಬಾಗಿಲು ತೆಗೆದ ಕೂಡಲೇ ಕಾಲಿಗೆ ಅಡ್ಡಡ್ಡ ಬರುವುದು ಈ ಕೋಳಿಯೇ ಹೊರತು ಇನ್ನೊಂದಲ್ಲ. ಹಾಗೆ ಲೆಕ್ಕ ಕೈಕೊಟ್ಟಾಗ ಈ ಬೀದಿಯವರು ಕರೆಯುವುದು ಕೋಳಿ ಅಕ್ಕನನ್ನು.

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೊದಲ ಮನೆಯ ಹಿತ್ತಲಲ್ಲಿ ಅಕ್ಕ ಗೂಡಿಗೆ ಕಿವಿಗೊಟ್ಟು ನಿಂತಿದ್ದಾರೆ. ಕೋಳಿಗಳು ಎದ್ದು ಗಲಾಟೆ ಶುರುಮಾಡಿದರೆ ಉಸಿರಿನ ಸದ್ದು ಸಿಗುವುದಿಲ್ಲ. ಗೊರಗೊರ ಇಲ್ಲ, ಸೀನಿಲ್ಲ. ಆಮೇಲೆ ಒಂದೊಂದನ್ನೇ ಕಂಕುಳಿಗೆ ಸಿಕ್ಕಿಸಿಕೊಂಡು ಜುಟ್ಟಿನ ಬಣ್ಣ ನೋಡುತ್ತಾರೆ, ಕತ್ತಿನ ಬುಡದಲ್ಲಿರುವ ಕಾಳಿನ ಚೀಲ ಮುಟ್ಟುತ್ತಾರೆ. ರಾತ್ರಿ ತುಂಬಿದ್ದ ಚೀಲ ಬೆಳಗಾಗುವಷ್ಟರಲ್ಲಿ ಖಾಲಿಯಾಗಿರಬೇಕು. ಒಂದು ಕೆಂಪು ಹೇಂಟೆಯದು ಮಾತ್ರ ಗಟ್ಟಿಯಾಗಿದೆ. ಮನೆಯೊಡತಿ ನಿನ್ನೆ ಹುಲ್ಲನ್ನು ಕತ್ತರಿಸದೆ ಉದ್ದುದ್ದಕ್ಕೇ ಹಾಕಿದ್ದಾಳೆ.

“ನಿಂಗೆ ಯಾರಾದ್ರೂ ತಟ್ಟೇಲಿ ಹಗ್ಗ ಬಡಿಸಿದ್ರೆ ಉಣ್ತೀಯಾ ತಾಯಿ?” ಎಂದು ಅಕ್ಕ ಕೇಳಿದರೆ ಅವಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾಳೆ. ಅಕ್ಕ ಕೋಳಿಯ ಕೊಕ್ಕಿನ ಅಂಚಿಗೆ ಎಣ್ಣೆಯ ಹನಿ ಬಿಟ್ಟು, ಬೆರಳಿನಿಂದ ಚೀಲವನ್ನು ಮೆಲ್ಲಗೆ ತೀಡುತ್ತಾರೆ. ಇವತ್ತು ಕಾಳು ಬೇಡ, ನೀರು ಮಾತ್ರ ಇಡು, ನಾಳೆಗೂ ಕರಗದಿದ್ದರೆ ಆಸ್ಪತ್ರೆಗೇ ಒಯ್ಯಬೇಕು ಎಂದು ಹೇಳಿ ಹೊರಡುತ್ತಾರೆ.

ಪ್ರತಿ ಗೇಟಿನ ಬಳಿಯೂ ಅವರಿಗಾಗಿ ಒಂದು ಬಕೆಟ್ ನೀರು, ಸೋಪು ಇರುತ್ತದೆ. ಚಪ್ಪಲಿ ಹೊರಗೆ. ಒಳಗೆ ಹೋಗುವಾಗಲೂ ಬರುವಾಗಲೂ ಕೈಕಾಲು ಉಜ್ಜಿ ತೊಳೆಯುತ್ತಾರೆ. ಚೆನ್ನಾಗಿರುವ ಕೋಳಿಗಳ ಮನೆಗೆ ಮೊದಲು, ಕಾಯಿಲೆಯ ಮನೆಗೆ ಕೊನೆಗೆ.

ಎರಡನೇ ಮನೆಯಲ್ಲಿ ಹೊಸದಾಗಿ ಕೋಳಿ ಸಾಕಿರುವ ಸೊಸೆ ಗಾಬರಿಯಾಗಿದ್ದಾಳೆ. ಅವಳ ಹೇಂಟೆ ಬಾಲ ಇಳಿಬಿಟ್ಟು, ಕಾಲು ಅಗಲಿಸಿ ನಿಂತೇ ಇದೆ. ಮೊಟ್ಟೆ ಸಿಕ್ಕಿಕೊಂಡಿದೆ. ಅಕ್ಕ ಅದನ್ನು ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಿಸಿ, ತಾವೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮಾತಾಡಿಸುತ್ತಾರೆ. ಒರೆಸಿ ಕತ್ತಲ ಮೂಲೆಗೆ ಬಿಟ್ಟ ಸ್ವಲ್ಪ ಹೊತ್ತಿಗೆ ಮೊಟ್ಟೆ ಬೀಳುತ್ತದೆ. ಸೊಸೆ ಅದನ್ನೇ ಅಕ್ಕನ ಕೈಗಿಡುತ್ತಾಳೆ. ಅವರು ಅದನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಇನ್ನೂ ಬಿಸಿಯಿದೆ.

“ಅಂಗಡಿ ಮೊಟ್ಟೆ ಬಿಸಿ ಇರಲ್ಲ ನೋಡಿ” ಎನ್ನುತ್ತಾರೆ.

ಹೌದು, ಕೋಳಿ ಅಕ್ಕನ ಮನೆಗೆ ಮೊಟ್ಟೆ ಬರುವುದು ಅಂಗಡಿಯಿಂದ. ಮದುವೆಯಾಗಿ ಬಂದ ಹೊಸತರಲ್ಲಿ ಅವರ ಹಿತ್ತಲ ತುಂಬ ಕೋಳಿಗಳಿದ್ದವು. ಆಮೇಲೆ ಮರಿ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮೊಟ್ಟೆಯೊಡೆದು ಬಂದ ಮರಿಗಳಿಗೆ ಲಸಿಕೆ ಹಾಕುವ ಕೆಲಸ. ಷರತ್ತು ಒಂದೇ, ಮನೆಯಲ್ಲಿ ಕೋಳಿ ಇರಕೂಡದು. ಹಿತ್ತಲ ಕಾಯಿಲೆ ಬಟ್ಟೆಗೆ ಅಂಟಿ ಬಂದರೆ ಸಾವಿರಾರು ಮರಿಗಳಿಗೆ ಕುತ್ತು. ಕೋಳಿಗಳನ್ನೆಲ್ಲ ನಾದಿನಿಗೆ ಒಪ್ಪಿಸಿ ಕೆಲಸಕ್ಕೆ ಸೇರಿದರು. ದಿನವಿಡೀ ಕೈ ತುಂಬ ಮರಿಗಳು, ಮನೆಗೆ ಬಂದರೆ ಸದ್ದಿಲ್ಲದ ಹಿತ್ತಲು.

ಆ ಕೆಲಸದಿಂದ ರಿಟೈರ್ ಆದ ವಾರವೇ ಗೋಡೆಗೆ ಬಣ್ಣ ಹೊಡೆಯುವ ಅವರ ಯಜಮಾನರು ಒಂದು ಗೂಡು ಮಾಡಿ ನೀಲಿ ಬಣ್ಣ ಬಳಿದರು. ಬಣ್ಣ ಒಣಗುವ ಮೊದಲೇ ಪಕ್ಕದ ಮನೆಯಾಕೆ ಓಡಿಬಂದು, ನಮ್ಮ ಕೋಳಿಗಳು ತೂಕಡಿಸ್ತಿವೆ, ಒಂಚೂರು ನೋಡಿ ಎಂದರು. ಆಮೇಲೆ ಅದರಾಚೆ ಮನೆ, ಅದರಾಚೆ ಬೀದಿ. ಹತ್ತು ಹಿತ್ತಲು ತುಳಿದ ಕಾಲಿನಲ್ಲಿ ಮನೆಗೆ ಬಂದು ಸ್ವಂತ ಕೋಳಿ ಮುಟ್ಟುವುದು, ಅದನ್ನು ಮುಟ್ಟಿದ ಕೈಯಲ್ಲಿ ಮತ್ತೆ ಹತ್ತು ಹಿತ್ತಲಿಗೆ ಹೋಗುವುದು ಅಕ್ಕನಿಗೆ ಒಗ್ಗಲಿಲ್ಲ. ಗೂಡು ಖಾಲಿಯೇ ಉಳಿಯಿತು.

“ಈಗ ಹೇಳೋರಿಲ್ಲ, ಕೇಳೋರಿಲ್ಲ. ಆದ್ರೂ ಷರತ್ತು ಹಾಗೇ ಇದೆ. ನಾನು ರಿಟೈರ್ ಆಗಿದ್ದು ಕಾಯಿಲೆಗೆ ಗೊತ್ತಿಲ್ವಲ್ಲ.”

ಮೊಟ್ಟೆಗೆ ಅಂಗಡಿ ಮುಂದೆ ಕ್ಯೂ ನಿಲ್ಲೋ ಡಾಕ್ಟ್ರಮ್ಮ ಎಂದು ಯಜಮಾನರು ಛೇಡಿಸುತ್ತಾರೆ. ನಮ್ಮ ಗೋಡೆ ಸುಣ್ಣ ಕಾಣದೆ ಎಷ್ಟು ವರ್ಷ ಆಯ್ತು ಅಂತ ನಾನು ಕೇಳಿದ್ನಾ ಎಂದು ಅಕ್ಕ ಅಲ್ಲಿಗೇ ಅವರ ಬಾಯಿ ಮುಚ್ಚಿಸುತ್ತಾರೆ. ಆದರೆ ನಿನ್ನೆ ಇಬ್ಬರೂ ಸೇರಿ ಗೂಡು ತೊಳೆದಿದ್ದಾರೆ. ಕಾರಣ, ಮೂಲೆ ಮನೆಯ ದರ್ಜಿ.

ದರ್ಜಿ ನಾಳೆ ಮಗಳ ಮನೆಗೆ ಹೊರಟಿದ್ದಾರೆ. ಅದು ಮೂರನೇ ಮಹಡಿ, ಕೋಳಿಗೆ ಜಾಗವಿಲ್ಲ. ಅವರ ಕಪ್ಪು ಹೇಂಟೆಯ ಅಂಗಾಲು ಬಾತು ಕೀವು ಕಟ್ಟಿದ್ದಾಗ, ಆಸ್ಪತ್ರೆಯವರು ಕೊಟ್ಟ ಮುಲಾಮು ಹಚ್ಚಿ, ದಿನಾ ಉಪ್ಪುನೀರಿನಲ್ಲಿ ಅದ್ದಿ ಪಟ್ಟಿ ಕಟ್ಟಿ ನಡೆಯುವಂತೆ ಮಾಡಿದ್ದು ಅಕ್ಕ. ಈಗ ಅಕ್ಕನ ದನಿ ಕೇಳಿದರೆ ಸಾಕು, ಹೇಂಟೆ ಓಡಿಬಂದು ಪಾದದ ಬಳಿ ಮುದುರಿ ಕೂರುತ್ತದೆ.

“ಇದು ಹೆಸರಿಗೆ ನಂದು, ಅಷ್ಟೇ. ಬೇರೆಯವರಿಗೆ ಕೊಡೋಕೆ ಮನಸ್ಸು ಬರಲ್ಲಮ್ಮ. ನೀವೇ ಕರ್ಕೊಂಡು ಹೋಗಿ” ಎನ್ನುತ್ತಾರೆ ದರ್ಜಿ. ಅದಕ್ಕೆಂದೇ ಒಂದು ಚೀಲ ಹೊಲಿದಿದ್ದಾರೆ, ಉಸಿರಾಡಲು ಪಕ್ಕದಲ್ಲಿ ಜಾಲರಿಯ ಕಿಟಕಿ ಇಟ್ಟು.

ಅಕ್ಕ ಕೋಳಿಯನ್ನು ಎತ್ತಿಕೊಳ್ಳುತ್ತಾರೆ. ಅದು ಕತ್ತು ಚಾಚಿ ಅವರ ತೋಳಿನ ಮೇಲೆ ತಲೆಯಿಡುತ್ತದೆ. ಆದರೆ ಬೀದಿಯ ಕೊನೆಯ ಮನೆಯಿಂದ ಬೆಳಿಗ್ಗೆಯೇ ಹೇಳಿಕಳಿಸಿದ್ದಾರೆ. ಅಲ್ಲಿ ಎಲ್ಲ ಕೋಳಿಗಳೂ ಸೀನುತ್ತಿವೆ, ಒಂದರ ಕಣ್ಣು ಊದಿ ಮುಚ್ಚಿಹೋಗಿದೆ. ಈ ಕಪ್ಪು ಹೇಂಟೆಯನ್ನು ಮನೆಗೆ ಒಯ್ದರೆ ಅಲ್ಲಿಗೆ ಹೋಗುವಂತಿಲ್ಲ. ಇವತ್ತಷ್ಟೇ ಅಲ್ಲ, ಮುಂದೆಯೂ.

ಕೊನೆಗೆ ಹೇಂಟೆಯನ್ನು ದರ್ಜಿಯ ಕೈಗೇ ಕೊಡುತ್ತಾರೆ. “ಆ ಸೊಸೆ ಹುಡುಗಿಗೆ ಕೊಡಿ. ಒಳ್ಳೆ ಕೈ. ಎರಡು ಮೂರು ವಾರ ಬೇರೆ ಇಟ್ಟು ಆಮೇಲೆ ಗುಂಪಿಗೆ ಬಿಡೋಕೆ ಹೇಳಿ. ಬಾತಿದ್ದ ಕಾಲು ಎಡಗಡೇದು, ಹೇಳೋಕೆ ಮರೀಬೇಡಿ.” ಗೇಟಿನವರೆಗೆ ಹೋದವರು ತಿರುಗಿ ಬಂದು, ಚೀಲ ಮಾತ್ರ ನನಗಿರಲಿ ಎಂದು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಕೈಕಾಲು ತೊಳೆದು ಕೊನೆಯ ಮನೆಯತ್ತ ನಡೆಯುತ್ತಾರೆ.

ದಾರಿಯಲ್ಲಿ ಅಕ್ಕ ಹೇಳುವುದು ಇಷ್ಟೇ. “ಒಂದಿನ ಬೆಳಿಗ್ಗೆ ನನ್ನ ಗೂಡಿಗೇ ಕಿವಿ ಕೊಟ್ಟು ನಿಲ್ಬೇಕು. ಕಾಯಿಲೆ ಹುಡುಕೋಕಲ್ಲ. ಸುಮ್ನೆ.”

ಮುಂದಿನ ದಿನಗಳಲ್ಲಿ ಕೊನೆಯ ಮನೆಯ ಕೋಳಿಗಳಲ್ಲಿ ಕಣ್ಣು ಊದಿದ್ದೊಂದು ಸತ್ತಿತು, ಉಳಿದವೆಲ್ಲ ಬದುಕಿದವು. ಕಪ್ಪು ಹೇಂಟೆ ಸೊಸೆಯ ಹಿತ್ತಲಲ್ಲಿ ಮೊಟ್ಟೆಯಿಡುತ್ತಿದೆ. ನೀಲಿ ಗೂಡಿನ ಮೊಳೆಗೆ ಚೀಲ ನೇತುಹಾಕಿದೆ, ಗೂಡಿನಲ್ಲಿ ಕೋಳಿಯಿಲ್ಲ.