ಕುರ್ಚಿ ಮಾವನ ಎರಡು ಮಾತು

ರಂಗಮಂದಿರದ ಹರಿದ ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸಲೆಂದು ಹರೆಯದಲ್ಲಿ ಒಳಗೆ ಹೋದವರು, ತಾಲೀಮು ನೋಡುತ್ತ ಅಲ್ಲೇ ಸಿಕ್ಕಿಬಿದ್ದರು. ಅಂದಿನಿಂದ ನಾಟಕ ತಂಡದವರ ಬಾಯಲ್ಲಿ ಅವರು ಕುರ್ಚಿ ಮಾವ. ಹಗಲೆಲ್ಲ ಅಂಗಡಿಯಲ್ಲಿ ಸೋಫಾಗಳಿಗೆ ಸ್ಪಂಜು ತುಂಬಿ, ಮೊಳೆ ಹೊಡೆದು, ಸಂಜೆಯಾದರೆ ಅಂಟು ಮೆತ್ತಿದ ಕೈಯನ್ನು ಸೀಮೆಎಣ್ಣೆಯಲ್ಲಿ ತಿಕ್ಕಿಕೊಂಡು ನಾಟಕಕ್ಕೆ ಓಡುವರು. ಮನೆಯಲ್ಲಿ ಮಾತ್ರ ನಾಟಕದ ಮಾತು ಕೇಳುವವರಿಲ್ಲದೆ ಬಾಯಿಗೆ ಬೀಗ.

“ನಾಟಕದಲ್ಲಿ ಯಾರೋ ಸತ್ತರೆ ಕರ್ಚೀಫು ಒದ್ದೆ ಮಾಡ್ಕೊಂಡು ಬರ್ತೀರಿ. ನನಗೆ ಜ್ವರ ಬಂದ್ರೆ ಮಾತ್ರೆ ತಗೊಂಡ್ಯಾ ಅಂತ ಕೇಳೋಕೂ ಪುರುಸೊತ್ತಿಲ್ಲ,” ಎಂದು ಹೆಂಡತಿ ಚುಚ್ಚುವರು.

“ಜ್ವರ ಬಂದೋರು ಇಷ್ಟು ಜೋರಾಗಿ ಬೈಯೋಲ್ಲ ಕಣೇ,” ಎಂದು ಮಾವ ಚಪ್ಪಲಿ ಮೆಟ್ಟುವರು.

ಅವರಿಗೆ ಪ್ರಾಣವಾಗಿದ್ದದ್ದು ಒಂದು ನಾಟಕದ ಕೊನೆಯ ದೃಶ್ಯ. ತಾಯಿಯೊಬ್ಬಳು ಮಗನ ಅಂಗಿಗೆ ಗುಂಡಿ ಹೊಲಿಯುತ್ತಾಳೆ. ಮಗ ಇನ್ನು ಬರುವುದಿಲ್ಲವೆಂದು ಅವಳಿಗೂ ಗೊತ್ತು, ನೋಡುವವರಿಗೂ ಗೊತ್ತು. ಒಂದು ಮಾತಿಲ್ಲ. ದಾರ ಕಚ್ಚಿ ತುಂಡರಿಸುವಲ್ಲಿಗೆ ಪರದೆ ಬೀಳುತ್ತದೆ. ತಾಯಿಯ ಪಾತ್ರ ಮಾಡುತ್ತಿದ್ದವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವರ ಮಂಡಿ ಕೈಕೊಟ್ಟಿತ್ತು. ಇದೊಂದು ಪ್ರದರ್ಶನ ಮುಗಿಸಿ ಬಣ್ಣ ಹಚ್ಚುವುದನ್ನೇ ಬಿಡುವೆನೆಂದರು. ಆ ದೃಶ್ಯವನ್ನು ಕೊನೆಯ ಸಲ ಕಣ್ತುಂಬ ನೋಡಬೇಕೆಂಬುದೊಂದೇ ಮಾವನ ಆಸೆ.

ಆ ಕೊನೆಯ ಪ್ರದರ್ಶನದ ಸಂಜೆಯೇ, ಆಟಕ್ಕೆ ಮುಂಚೆ, ತಂಡದ ಹಳೆಯ ಪ್ರೇಕ್ಷಕರಾದ ಮಾವನಿಗೆ ಸನ್ಮಾನವೂ ಆಗಲೆಂದು ಮ್ಯಾನೇಜರು ನಿಶ್ಚಯಿಸಿದರು.

“ಎರಡೇ ಮಾತು ಮಾವ, ಐದು ನಿಮಿಷ. ಒಂಬತ್ತಕ್ಕೆ ಮಂದಿರದವರು ದೀಪ ಆರಿಸಿಬಿಡ್ತಾರೆ.”

“ಅಯ್ಯೋ, ನನಗೆ ಒಂದು ಮಾತೇ ಬರಲ್ಲವಲ್ಲಪ್ಪ!”

ಸಭೆಯಲ್ಲಿ ಹೆಂಡತಿಯೂ ಕುಳಿತಿದ್ದರು. ಮೈಕಿನ ಮುಂದೆ ಮಾವ ಮೊದಲು ತಡವರಿಸಿದರು. ಆಮೇಲೆ, ಆಳು ಯಜಮಾನನನ್ನು ಕುಣಿಸುವ ನಗೆನಾಟಕದ ನೆನಪು ಬಂತು. ಆ ಆಳಿನ ನಡಿಗೆಯನ್ನು ನಡೆದೇ ತೋರಿಸಿದರು. ಜನ ಬಿದ್ದು ಬಿದ್ದು ನಕ್ಕರು. ಆಸ್ತಿಗಾಗಿ ಅಣ್ಣತಮ್ಮಂದಿರು ಊಟದ ಮೇಜಿಗೇ ಗರಗಸ ಹಾಕುವ ನಾಟಕದ ಕಥೆ ಹೇಳಿದರು. ಮನೆಯಲ್ಲಿ ಯಾರೂ ಕೇಳದೆ ಉಳಿದಿದ್ದ ಮಾತೆಲ್ಲ ಕಟ್ಟೆಯೊಡೆದು ಬಂತು. ಜನರ ಉತ್ಸಾಹ ಕಂಡು ಮ್ಯಾನೇಜರು ತಡೆಯಲಿಲ್ಲ. ಕೊನೆಗೆ ಮಾವ ಆ ಗುಂಡಿಯ ದೃಶ್ಯಕ್ಕೆ ಬಂದರು. ಅಕ್ಕನ ಬೆರಳು, ಸೂಜಿ, ಕಚ್ಚಿದ ದಾರ, ಎಲ್ಲವನ್ನೂ ಬಣ್ಣಿಸಿದರು. ಹಿಂದಿನ ಸಾಲಿನವರೂ ಕಣ್ಣೊರೆಸಿಕೊಂಡರು.

ನಾಟಕ ತಡವಾಗಿ ಶುರುವಾಯಿತು. ಮಾವ ಮೊದಲ ಸಾಲಿನಲ್ಲಿ ಮುಂದಕ್ಕೆ ಬಾಗಿ ಕುಳಿತರು. ಮಗನ ಸಾವಿನ ಸುದ್ದಿ ಬಂತು. ಅಕ್ಕ ಒಳಗೆ ಹೋದರು. ಇನ್ನು ಅಂಗಿ ಹಿಡಿದು ಬರಬೇಕು, ಅಷ್ಟರಲ್ಲಿ ಪರದೆ ಬಿತ್ತು. ದೀಪ ಹತ್ತಿತು. ಜನ ಚಪ್ಪಾಳೆ ತಟ್ಟಿ ಎದ್ದರು.

ಮಾವ ಪರದೆಯ ಹಿಂದಕ್ಕೆ ಓಡಿದರು. “ಇನ್ನೂ ಇದೆಯಲ್ಲ ಸ್ವಾಮಿ!”

“ಹೊತ್ತೆಲ್ಲಿದೆ ಮಾವ?” ಮ್ಯಾನೇಜರು ಗಡಿಯಾರ ತೋರಿಸಿದರು. “ಏನನ್ನಾದರೂ ಬಿಡಲೇಬೇಕಿತ್ತು. ಆ ದೃಶ್ಯವನ್ನು ನೀವೇ ಅಷ್ಟು ಚೆನ್ನಾಗಿ ಹೇಳಿಬಿಟ್ರಲ್ಲ, ಜನಕ್ಕೇನೂ ನಷ್ಟವಾಗ್ಲಿಲ್ಲ ಬಿಡಿ.”

ಅಕ್ಕ ಕನ್ನಡಿಯ ಮುಂದೆ ಬಣ್ಣ ಒರೆಸಿಕೊಳ್ಳುತ್ತಿದ್ದರು. ತೊಡೆಯ ಮೇಲೆ ಅಂಗಿ, ಸೂಜಿಗೆ ದಾರ ಪೋಣಿಸಿಯೇ ಇತ್ತು. ಮಾವ ಬಾಗಿಲಲ್ಲೇ ನಿಂತರು.

“ಅಕ್ಕಾ, ನನ್ನಿಂದ ತಪ್ಪಾಯ್ತು.”

“ತಪ್ಪೇನು ಬಂತು? ಜನ ಅತ್ತರಲ್ಲ. ನಾನು ಒಳಗಿಂದ ಕೇಳಿಸ್ಕೊಂಡೆ,” ಎಂದರು ಅಕ್ಕ, ತಿರುಗದೆ. “ಮಾತೇ ಇಲ್ಲದ ಜಾಗ ಮಾವ ಅದು. ನೀವೊಬ್ಬರಿಗಾದರೂ ಗೊತ್ತಿದೆ ಅಂದ್ಕೊಂಡಿದ್ದೆ.”

ಅಕ್ಕ ಸೂಜಿಯಿಂದ ದಾರ ಎಳೆದು ಬಿಸಾಡಿದರು.

ಹೊರಗೆ ಅಪರಿಚಿತರು ಕೈ ಕುಲುಕಿದರು. ಸನ್ಮಾನದ ಫಲಕವನ್ನು ಎದೆಗವಚಿಕೊಂಡು ನಿಂತಿದ್ದ ಹೆಂಡತಿಯ ಮುಖ ಅರಳಿತ್ತು.

“ನಾಟಕಕ್ಕಿಂತ ನಿಮ್ಮ ಮಾತೇ ಚೆನ್ನಾಗಿತ್ತು ಕಣ್ರೀ,” ಎಂದರು.

ಒಂದು ಒಳ್ಳೆಯ ಮಾತಿಗಾಗಿ ಮಾವ ಆ ಮನೆಯಲ್ಲಿ ಎಷ್ಟೋ ಕಾಲ ಕಾದಿದ್ದರು. ಆ ಮಾತು ಅಂದು ಸಿಕ್ಕಿತು. ಆದರೆ ಬೆಂಕಿಯಂತೆ ಸುಟ್ಟಿತು. ಹೆಂಡತಿ ದಾರಿಯುದ್ದಕ್ಕೂ ಸಂಭ್ರಮದಿಂದ ಮಾತಾಡುತ್ತಲೇ ಇದ್ದರು; ಮಾವ ಒಂದೊಂದಕ್ಕೂ ಹೂಂಗುಟ್ಟುತ್ತ ನಡೆದರು.